ಮೊಳೆಬಾಯಿಯ ದಾರ, ನನ್ನ ಬಲಗಣ್ಣು

ಅಂಗಡಿಯ ಮಾಲು ಎಂದು ಮುಂದಿಟ್ಟರೆ ಮೊಳೆಬಾಯಿಯನ್ನು ನಾನು ಎರಡನೆಯ ದರ್ಜೆಗೂ ಸೇರಿಸುವವನಲ್ಲ. ಎತ್ತರ ಕಡಿಮೆ, ಬೆನ್ನು ಬಾಗಿದೆ, ಮುಂದಿನ ಎರಡು ಹಲ್ಲುಗಳ ಅಂಚು ಮುಕ್ಕಾಗಿದೆ. ಸವೆಯದೆ ಉಳಿದಿರುವುದು ನಾಲಿಗೆ ಒಂದೇ. ಅದನ್ನಂತೂ ಪುಕ್ಕಟೆ ಕೊಟ್ಟರೂ ಯಾರೂ ಒಯ್ಯುವುದಿಲ್ಲ. ಆದರೂ ಹದಿನಾಲ್ಕು ವರ್ಷಗಳಿಂದ ನನ್ನ ಸೋಫಾ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಬಟ್ಟೆ ಹೊದಿಸುವ ಕೆಲಸ ಅವನದೇ.

ಹೆಸರು ಕೆಲಸದಿಂದಲೇ ಬಂದದ್ದು. ಒಂದು ಹಿಡಿ ಸಣ್ಣ ಮೊಳೆಗಳನ್ನು ಬಾಯಿಗೆ ಸುರಿದುಕೊಂಡು, ಒಂದೊಂದನ್ನೇ ನಾಲಿಗೆಯಿಂದ ತುಟಿಗೆ ತಂದು, ಸುತ್ತಿಗೆಯ ಅಯಸ್ಕಾಂತದ ಮೂತಿಗೆ ಅಂಟಿಸಿ ಹೊಡೆಯುತ್ತಾನೆ. ಬಾಯಲ್ಲಿ ಮೊಳೆ ಇರುವಷ್ಟು ಹೊತ್ತು ಮಾತಿಲ್ಲ. ಅದಕ್ಕೇ ಅವನಿಗೆ ಕೈತುಂಬ ಕೆಲಸ ಕೊಡುವುದು ನನ್ನ ಪದ್ಧತಿ.

ಮೊಳೆ ಇಲ್ಲದಾಗ ಕೆಳತುಟಿ ಕಚ್ಚುವ ಚಟ. ಒಂದು ದಿನ ಆ ತುಟಿಯ ಒಳಗೆ ಕಡಲೆಕಾಳಿನ ಗಾತ್ರದ ತಿಳಿನೀಲಿ ಗುಳ್ಳೆ ಎದ್ದಿತು. ಮಹಾಶಯ ಮಾಡಿದ್ದೇನು? ಸೋಫಾ ಹೊಲಿಯುವ ಬಾಗಿದ ಸೂಜಿಯಿಂದ ಚುಚ್ಚಿದ. ಮೊಟ್ಟೆಯ ಬಿಳಿಯಂಥ ಲೋಳೆ ಬಂತು, ಗುಳ್ಳೆ ಇಳಿಯಿತು. ಹತ್ತು ದಿನಕ್ಕೆ ಮತ್ತೆ ಎದ್ದಿತು. ಮತ್ತೆ ಚುಚ್ಚಿದ. ಹೀಗೆ ಐದು ಸಲ! ಒಳಗಿನ ಸ್ಪ್ರಿಂಗ್ ಮುರಿದಿದ್ದರೆ ಮೇಲಿನ ಬಟ್ಟೆ ಎಳೆದು ಪ್ರಯೋಜನವಿಲ್ಲ ಎಂದು ಗಿರಾಕಿಗಳಿಗೆ ಪಾಠ ಹೇಳುವ ಪಂಡಿತ, ತನ್ನ ತುಟಿಗೆ ಮಾತ್ರ ಮೇಲುಮೇಲಿನ ರಿಪೇರಿ ಮಾಡುತ್ತಿದ್ದ.

ಕೊನೆಗೆ ನನ್ನ ಹೆಂಡತಿಗೆ ತಡೆಯಲಾಗಲಿಲ್ಲ. "ತಮ್ಮಾ, ಆ ತುಟಿ ತೋರಿಸ್ಕೊಂಡು ಬರೋವರ್ಗೂ ನಿಂಗೆ ಟೀ ಇಲ್ಲ."

ಟೀ ಇಲ್ಲವೆಂದ ಮೇಲೆ ಹೋದ. ಹಲ್ಲಿನ ವೈದ್ಯೆ ತುಟಿ ಮರಗಟ್ಟಿಸಿ, ಗುಳ್ಳೆಯ ಜೊತೆಗೆ ಅದಕ್ಕೆ ಲೋಳೆ ಒದಗಿಸುತ್ತಿದ್ದ ಪುಟ್ಟ ಗ್ರಂಥಿಯನ್ನೂ ಕಿತ್ತು, ಮೂರು ಹೊಲಿಗೆ ಹಾಕಿದರು. ಗುಳ್ಳೆ ಮತ್ತೆ ಬರಲಿಲ್ಲ.

ಬಂದದ್ದು ಜ್ಞಾನ, ವೈದ್ಯೆಯನ್ನು ಕೆದಕಿ ಕೆದಕಿ ಕೇಳಿ ತಂದದ್ದು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ನಡುಮಧ್ಯಾಹ್ನ ಅಂಗಡಿಯಲ್ಲೇ ಹಿಡಿದ. "ಲೋಳೆ ಹೋಗೋ ದಾರಿ ಕಟ್ಕೊಂಡ್ರೆ ಗುಳ್ಳೆ. ತುಟೀಲಷ್ಟೇ ಅಲ್ಲ, ನಾಲಿಗೆ ಕೆಳಗೆ ಕಪ್ಪೆ ಹೊಟ್ಟೆ ಥರ ಊದ್ಕೊಳ್ಳತ್ತೆ. ಹುಬ್ಬಿನ ಹಿಂದೆ ಎಲುಬಿನ ಗೂಡಲ್ಲಾಗತ್ತೆ. ಹೊಟ್ಟೇಲಿ ಅಪೆಂಡಿಕ್ಸಲ್ಲೂ ಆಗತ್ತೆ. ಅದನ್ನ ಒಡೀದೆ ಇಡಿಯಾಗಿ ತೆಗೀಬೇಕು, ಒಡೆದ್ರೆ ಹೊಟ್ಟೆ ತುಂಬ ಲೋಳೆ ಹರಡತ್ತೆ." ಮೂರು ಸೀಟಿನ ಸೋಫಾ ಒಪ್ಪಿದ್ದ ದಂಪತಿ ಇದನ್ನು ಕೇಳಿ, ಕರ್ಚೀಫು ಮೂಗಿಗೊತ್ತಿಕೊಂಡು ಹೊರಟುಹೋದರು.

"ಬಾಯಿಗೆ ಮೊಳೆ ಹಾಕೋ ಮಹರಾಯ!" ಎಂದೆ.

ಈಗ ನನ್ನ ಕಣ್ಣಿಗೆ ಬರೋಣ. ನನ್ನ ವ್ಯಾಪಾರ ನಿಂತಿರುವುದೇ ಅದರ ಮೇಲೆ. ಮರದ ಬಿರುಕು, ಬಟ್ಟೆಯ ಕುಂದು ದೂರದಿಂದಲೇ ಹಿಡಿಯುತ್ತಿದ್ದೆ. ಆ ವರ್ಷ ಬಲಹುಬ್ಬಿನ ಮೇಲೆ ಭಾರ, ದೃಷ್ಟಿ ಎಡವಟ್ಟು. ವಯಸ್ಸೆಂದುಕೊಂಡು ಎರಡು ಸಲ ಕನ್ನಡಕ ಬದಲಿಸಿದೆ. ಹಾಗಿರುವಾಗ ಒಬ್ಬ ವಕೀಲರ ಕಚೇರಿಗೆಂದು ಪಟ್ಟೆ ಬಟ್ಟೆಯ ಸೋಫಾ ತಯಾರಾಯಿತು. ನೋಡಿದರೆ ಪಟ್ಟೆಗಳು ಒಂದರ ಮೇಲೊಂದು ಏರಿ ಓಡುತ್ತಿವೆ.

"ಸೊಟ್ಟ ಹೊಡೆದಿದ್ದೀಯಲ್ಲೋ! ಕಣ್ಣು ಕಾಣ್ಸಲ್ವಾ?"

ಮೊಳೆಗಳನ್ನು ಅಂಗೈಗೆ ಉಗುಳಿದ. ಗೆರೆ ಸರಿನೋಡುವ ಸೀಮೆಸುಣ್ಣದ ದಾರ ತೆಗೆದು ಸೋಫಾದ ಬೆನ್ನಿಗೆ ಎಳೆದು ಹಿಡಿದ. ಪಟ್ಟೆ ದಾರಕ್ಕೆ ಸರಿಯಾಗಿ ಕೂತಿತ್ತು.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಅಲ್ಲಾಡ್ಬೇಡಿ ಸಾಹುಕಾರ್ರೇ." ಅದೇ ದಾರವನ್ನು ನನ್ನ ಎರಡು ಕಣ್ಣುಗಳಿಗೆ ಅಡ್ಡ ಹಿಡಿದ! ಮೂಗಿನ ಮೇಲೆಲ್ಲ ಸುಣ್ಣ. ಟೀ ತಂದಿದ್ದ ಹೆಂಡತಿ ನಕ್ಕಳು. ಅವನು ನಗಲಿಲ್ಲ.

"ಅಕ್ಕಾ, ನೋಡಿಲ್ಲಿ. ಬಲಗಣ್ಣು ಕಾಲಿಂಚು ಕೆಳಗಿದೆ. ಮುಂದಕ್ಕೂ ಬಂದಿದೆ."

"ಹೌದಲ್ರೀ!"

"ಇಷ್ಟು ದಿನ ನೀನು ನೋಡ್ಲಿಲ್ವೇನೇ?"

"ಮೂವತ್ತು ವರ್ಷ ಆದ್ಮೇಲೆ ಗಂಡನ ಮುಖಕ್ಕೆ ಯಾರ್ರೀ ಅಳತೆ ಹಿಡೀತಾರೆ?"

"ಆರೇಳು ವರ್ಷದ ಹಿಂದೆ ಅಂಗಡಿ ಶಟರ್ ನಿಮ್ಮ ಹಣೆಗೆ ಬಡಿದಿತ್ತಲ್ಲ," ಎಂದ ಮೊಳೆಬಾಯಿ, "ಅಲ್ಲೇ ದಾರಿ ಕಟ್ಟಿರತ್ತೆ. ನನ್ನ ತುಟಿಯದೇ ಗುಳ್ಳೆ, ಎಲುಬಿನೊಳಗೆ."

"ನಿನ್ನ ತುಟಿಗೂ ನನ್ನ ಹಣೆಗೂ ನೆಂಟಸ್ತನ ಬೇಡ. ಕೆಲಸ ನೋಡು."

"ನೀವು ಡಾಕ್ಟ್ರ ಹತ್ರ ಹೋಗೋವರ್ಗೂ ನಾನು ಬಾಯಿಗೆ ಮೊಳೆ ಹಾಕಲ್ಲ."

ಇದು ಬೆದರಿಕೆ. ಮೊಳೆಗಳನ್ನು ತಟ್ಟೆಯಲ್ಲಿಟ್ಟುಕೊಂಡು, ಕೈಯಿಂದ ಹೆಕ್ಕಿ ಹೊಡೆಯುತ್ತ, ಇಡೀ ದಿನ ಮಾತಾಡಿದ. ಮರುದಿನವೂ ಶುರು ಮಾಡಿದ. ಮಧ್ಯಾಹ್ನದ ಹೊತ್ತಿಗೆ ನಾನು ಆಸ್ಪತ್ರೆಯಲ್ಲಿದ್ದೆ, ರೋಗಕ್ಕಿಂತ ಹೆಚ್ಚಾಗಿ ಅವನಿಂದ ಪಾರಾಗಲು.

ಮೂಗಿನ ತಜ್ಞರು ಸ್ಕ್ಯಾನ್ ಬೆಳಕಿಗೆ ಹಿಡಿದು ತೋರಿಸಿದರು. ಹುಬ್ಬಿನ ಹಿಂದಿನ ಗಾಳಿಗೂಡಿನ ಬಾಯಿ ಹಳೆಯ ಪೆಟ್ಟಿನಿಂದ ಮುಚ್ಚಿಹೋಗಿ, ಲೋಳೆ ವರ್ಷಗಟ್ಟಲೆ ತುಂಬಿಕೊಂಡು, ಎಲುಬನ್ನು ಕಾಗದದಷ್ಟು ತೆಳುವಾಗಿಸಿ, ಕಣ್ಣನ್ನು ಕೆಳಗೆ ನೂಕುತ್ತಿತ್ತು. ಇಂಥ ಲೋಳೆಗುಳ್ಳೆಗೆ ಮ್ಯೂಕೋಸೀಲ್ ಅಂತ ಹೆಸರಂತೆ. "ಕೀವಾಗಿದ್ರೆ ಈ ಕಣ್ಣು ಹೋಗ್ತಿತ್ತು. ಪಕ್ಕದಲ್ಲೇ ಮಿದುಳಿದೆ. ಯಾರು ಹೇಳಿ ಕಳಿಸಿದ್ದು ನಿಮಗೆ?"

"ನಮ್ಮ ಸೋಫಾ ಕೆಲಸದವನು" ಎನ್ನಲು ನಾನು ಎರಡು ಸಲ ಕೆಮ್ಮಬೇಕಾಯಿತು.

ಪ್ರಜ್ಞೆ ತಪ್ಪಿಸಿ, ಮೂಗಿನ ಮೂಲಕ ಸಣ್ಣ ಕ್ಯಾಮೆರಾ ತೂರಿಸಿ, ಆ ಗೂಡಿನ ಬಾಯನ್ನು ಮೂಗಿನೊಳಕ್ಕೆ ಅಗಲವಾಗಿ ತೆರೆದರು. ತುಟಿಯ ಗುಳ್ಳೆಯಂತೆ ಕಿತ್ತು ತೆಗೆಯುವುದು ಇಲ್ಲಿ ಬೇಕಿಲ್ಲ, ಲೋಳೆಗೆ ದಾರಿ ಸಿಕ್ಕರೆ ಸಾಕಂತೆ. ಮುಖದ ಮೇಲೆ ಒಂದು ಗೀರೂ ಇಲ್ಲ. ಕೆಲವು ವಾರಗಳಲ್ಲಿ ಕಣ್ಣು ತನ್ನ ಜಾಗಕ್ಕೆ ಮರಳಿತು, ಪಟ್ಟೆಗಳು ನೆಟ್ಟಗಾದವು.

ಮೊಳೆಬಾಯಿ ಈಗ ಬಂದ ಗಿರಾಕಿಗಳ ಮುಖಕ್ಕೆಲ್ಲ ದಾರ ಹಿಡಿಯಲು ಹೊರಟಿದ್ದಾನೆ. ಮೊನ್ನೆ ಒಬ್ಬ ನಿವೃತ್ತ ಮೇಷ್ಟರಿಗೆ ನಿಮ್ಮ ಮೂಗು ಎಡಕ್ಕಿದೆ ಎಂದು ಹೇಳಿ ಬೈಸಿಕೊಂಡ. ತುಟಿ ಕಚ್ಚುವುದನ್ನೂ ಬಿಟ್ಟಿಲ್ಲ. ಅವನ ದರ್ಜೆಯನ್ನು ನಾನು ಒಂದಂಗುಲವೂ ಏರಿಸಿಲ್ಲ.

ನನ್ನ ಬಲಗಣ್ಣು ಉಳಿದದ್ದು ಅವನಿಂದ.