ಬಟ್ಟೆಗೊಂದು ಕ್ರಿಯಾಪದ

ಫ್ರೆಂಚ್ ಬರುತ್ತದೆ ಎಂದು ಬೀಗುತ್ತಿದ್ದವಳು ನಾನು. ಪೀಳಮೇಡಿನ ಕಾಲೇಜಿನಲ್ಲಿ ಕಲಿತದ್ದು. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ವಿದೇಶಿ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ನಾಲಿಗೆ ಪಳಗಿತ್ತು. ಒಂದು ದಿನ ವಕೀಲರೊಬ್ಬರು ಹುಡುಕಿಕೊಂಡು ಬಂದರು. ಪಶ್ಚಿಮ ಆಫ್ರಿಕಾದ ಸಣ್ಣ ವ್ಯಾಪಾರಿಯೊಬ್ಬನ ಮೇಲೆ ಕಳ್ಳತನದ ಕೇಸು. ಆತನಿಗೆ ಫ್ರೆಂಚ್ ಬಿಟ್ಟರೆ ಬೇರೆ ಭಾಷೆ ಬಾರದು. ಕೋರ್ಟಿನಲ್ಲಿ ನಡೆಯುವುದೆಲ್ಲ ಆರೋಪಿಗೆ ತಿಳಿಯಬೇಕು, ಅದು ಆತನ ಹಕ್ಕು, ನೀವು ದುಭಾಷಿಯಾಗಿ ಬನ್ನಿ ಎಂದರು.

"ಕೋರ್ಟು ವಂಬು ತಂಟೆಯೆಲ್ಲಾ ನಮಗೆ ಏನಕ್ಕೆ, ಕಣ್ಣು ಮಗಳೇ? ಒಂದು ಮಾತು ತಪ್ಪಾಯ್ತಂದ್ರೆ ಅವನ ಗತಿ?" ಎಂದರು ಅಮ್ಮ. ನಾನು ನಕ್ಕುಬಿಟ್ಟೆ.

ಅಂಗಡಿಯೊಂದರಿಂದ ಟೀ ಶರ್ಟಿನ ಬಂಡಲ್ ಕದ್ದನೆಂಬುದು ಆರೋಪ. ದುಡ್ಡು ಕೊಟ್ಟೇ ಕೊಂಡೆ, ಬಿಲ್ ಕೊಡಲಿಲ್ಲ ಅಷ್ಟೇ ಎನ್ನುವುದು ಆತನ ಮಾತು. ಜೈಲು ಸೇರಿ ಆಗಲೇ ಏಳು ತಿಂಗಳಾಗಿತ್ತು.

ಸತ್ಯವಾಗಿ ಅನುವಾದಿಸುತ್ತೇನೆಂದು ಪ್ರಮಾಣ ಮಾಡಿ ಆತನ ಪಕ್ಕ ನಿಂತೆ. ಬಂಡಲ್ ನಿಮ್ಮ ಕೈಗೆ ಹೇಗೆ ಬಂತು ಎಂದು ಮ್ಯಾಜಿಸ್ಟ್ರೇಟ್ ಮೇಡಂ ಕೇಳಿದರು. ಆ ಅಂಗಡಿಯಲ್ಲೇ ಕೊಂಡೆ ಎಂದು ಆತ ಸ್ಪಷ್ಟವಾಗಿ ಹೇಳಿದ. ನಾನು ತಮಿಳಿನಲ್ಲಿ ಬಾಯಿತುಂಬ ಹೇಳಿದೆ: "ಅಂದ ಕಡೈಯಿಲೆದಾನ್ ಎಡುತ್ತಾರುಂಗ."

ನಮ್ಮದು ಮಗ್ಗದ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದಲ್ಲಿ ಸೀರೆಯನ್ನೂ ತಗೊಳ್ಳುತ್ತೇವೆ, ಸೊಪ್ಪನ್ನೂ ತಗೊಳ್ಳುತ್ತೇವೆ. ತಮಿಳಿನಲ್ಲಿ ಹಾಗಲ್ಲ, ಕೊಳ್ಳುವುದಕ್ಕೆ ಎರಡು ಪದ: ಉಪ್ಪು, ಎಣ್ಣೆಗೆ 'ವಾಂಗು', ಬಟ್ಟೆಗೆ ಮಾತ್ರ 'ಎಡು'. ದೀಪಾವಳಿಗೆ ಬಟ್ಟೆ 'ಎಡುತ್ತಾಚ್ಚಾ', ಕೊಂಡಾಯಿತಾ ಎಂದು ಬೀದಿಗೆ ಬೀದಿಯೇ ಕೇಳುತ್ತದೆ. ಆದರೆ ಬಟ್ಟೆಯ ಮಾತು ಬಿಟ್ಟರೆ ಆ ಪದಕ್ಕೆ ಇರುವುದು ಎತ್ತಿಕೊಂಡ ಎನ್ನುವ ಅರ್ಥ. ಟೀ ಶರ್ಟು ನನಗೆ ಬಟ್ಟೆ. ಕೋರ್ಟಿಗೆ ಅದು ಕಳುವಾದ ಬಂಡಲ್.

ಮೇಡಂ ನನ್ನ ಮಾತನ್ನು ಇಂಗ್ಲಿಷಿನಲ್ಲಿ ಟೈಪಿಸ್ಟಿಗೆ ಹೇಳಿ ಬರೆಸಿದರು. ಮುಂದಿನ ಪ್ರಶ್ನೆಗೆ ಫ್ರೆಂಚ್ ಪದ ಹುಡುಕುವ ಗಡಿಬಿಡಿಯಲ್ಲಿ ಅದು ನನ್ನ ಕಿವಿಗೆ ಬೀಳಲಿಲ್ಲ. ಕೊನೆಗೆ ಸಹಿಗೆಂದು ಹಾಳೆ ಕೈಗೆ ಬಂತು. ಅದರಲ್ಲಿದ್ದದ್ದು 'ಟುಕ್', ಅಂದರೆ ಎತ್ತಿಕೊಂಡೆ; ಕೊಂಡೆ ಎಂದಲ್ಲ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಕೋರ್ಟಿನಲ್ಲಿ ಹೋಗುವುದಿಲ್ಲ, ಟೈಪಾಗಿ ಕೂತುಬಿಡುತ್ತದೆ.

ತಪ್ಪು ನನ್ನದು ಎಂದೆ. ಸರ್ಕಾರಿ ವಕೀಲರು ಎದ್ದು, ಇವರು ಈಗ ಮಾತು ತಿರುಗಿಸುತ್ತಿದ್ದಾರೆ ಎಂದು ಗದರಿದರು. ಆತನ ವಕೀಲರೂ ದನಿ ಎತ್ತಿದರು. ಎಲ್ಲವೂ ತಮಿಳಿನಲ್ಲಿ. ಬಟ್ಟೆ, ದೀಪಾವಳಿ, ನಮ್ಮ ಬೀದಿ ಎಂದು ನಾನು ಕೈ ಜೋಡಿಸಿ ವಿವರಿಸುತ್ತಲೇ ಹೋದೆ. ನಾಚಿಕೆಗೋ ಭಯಕ್ಕೋ ಅಳುವೂ ಬಂತು.

"ಇರಿ ಅಮ್ಮಾ, ಅಳಬೇಡಿ" ಎಂದು ಮೇಡಂ ತಮಿಳಿನಲ್ಲೇ ತಡೆದರು. ಆ ಸಾಲನ್ನು ತಾವೇ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿದರು. ಆತನನ್ನು ಇನ್ನೊಮ್ಮೆ ಕೇಳಿ, ಈ ಸಲ ಒಂದೊಂದೇ ಪದವಾಗಿ ಹೇಳಿ ಎಂದರು.

ಬದುಕಿದೆ ಅನ್ನಿಸಿತು. ಕಣ್ಣೊರೆಸಿಕೊಂಡು ಆತನ ಕಡೆ ತಿರುಗಿದೆ. ಆಗಲೇ ನನಗೆ ಹೊಳೆದದ್ದು: ಇಷ್ಟು ಹೊತ್ತು ನಡೆದ ಮಾತಿನಲ್ಲಿ ಒಂದನ್ನೂ ನಾನು ಆತನಿಗೆ ಹೇಳಿರಲಿಲ್ಲ. ವಕೀಲರು ಕೂಗಾಡಿದ್ದನ್ನು ಆತ ನೋಡಿದ್ದ. ನಾನು ಕೈ ಮುಗಿದದ್ದನ್ನು, ಅತ್ತದ್ದನ್ನು, ಮೇಡಂ ಸಹಿ ಹಾಕಿದ್ದನ್ನೂ ನೋಡಿದ್ದ. ಎರಡೂ ಕೈಗಳನ್ನು ಜೋಡಿಸಿ, ಬೇಡಿ ಹಾಕಿ ಎನ್ನುವಂತೆ ಪೊಲೀಸಿನವನ ಮುಂದೆ ಚಾಚಿ ನಿಂತಿದ್ದ.

"ಎಷ್ಟು ವರ್ಷ?" ಎಂದು ನನ್ನನ್ನು ಕೇಳಿದ.