ಐದು ಕಿಲೋ ಸಾಸಿವೆ

ಅವ್ವ ಹೊಲಿದ ಕೌದಿಯ ಭಾರ ಮೈಮೇಲೆ ಇಲ್ಲದಿದ್ದರೆ ಚಿಕ್ಕಂದಿನಿಂದಲೂ ನನಗೆ ನಿದ್ದೆ ಬರುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ನೌಕರಿಗೆಂದು ಪುಣೆಗೆ ಬಂದೆವು. ಹಡಪಸರದ ತಗಡಿನ ಖೋಲಿಯಲ್ಲಿ ಬೇಸಿಗೆಗೆ ಕೌದಿ ಹೊದ್ದರೆ ಬೆವರು, ತೆಗೆದರೆ ಎಚ್ಚರ. ಕೊನೆಗೆ ಹೆಂಡತಿ ನನ್ನ ಹಳೆಯ ಧೋತರದ ತುಂಬ ಸಣ್ಣ ಸಣ್ಣ ಕಿಸೆ ಹೊಲಿದು, "ಇದರಾಗ ಸಾಸಿವಿ ತುಂಬೂಣು, ಭಾರಾನೂ ಆಗತದ, ತಂಪೂ ಇರತದ" ಅಂದಳು.

ಮಾರ್ಕೆಟ್ ಯಾರ್ಡಿನಲ್ಲಿ ಬೆಳಗಾವಿ ಕಡೆಯ ಮುದುಕರೊಬ್ಬರ ಅಂಗಡಿ ಇತ್ತು. ಐದು ಕಿಲೋ ಸಾಸಿವೆ ಕೇಳಿದೆ.

"ಉಪ್ಪಿನಕಾಯಿಗೇನ್ರಿ?"

"ಇಲ್ರಿ, ಹೊಚ್ಚಿಕೊಳ್ಳಾಕ."

ಅವರು ತಕ್ಕಡಿ ಕೆಳಗಿಟ್ಟರು. ನಾಚಿಕೊಂಡೇ ಎಲ್ಲ ಹೇಳಿದೆ.

"ಸಾಸಿವಿ ಉಷ್ಣ ಅಲ್ಲೇನ್ರಿ?"

"ತಿಂದ್ರ ಉಷ್ಣರಿ. ಕೂಸಿನ ತಲಿಗೆ ಸಾಸಿವಿ ದಿಂಬ ಇಡೂದಿಲ್ಲೇನ್ರಿ?"

ಅವರು ನಗಲಿಲ್ಲ. "ನಮ್ಮವ್ವನ ಕೌದೀನೂ ಭಾಳ ಭಾರ ಇತ್ರಿ" ಎಂದು ಒಂದು ಹಿಡಿ ಹೆಚ್ಚಿಗೆ ಹಾಕಿದರು.

ಹೊದಿಕೆ ತಂಪಾಗಿಯೇ ಇತ್ತು, ನಿದ್ದೆಯೂ ಬಂತು. ಮಗ್ಗಲು ಬದಲಿಸಿದಾಗ ಮಾತ್ರ ಮೊರದಲ್ಲಿ ಕಾಳು ಹಸನು ಮಾಡಿದಂಥ ಸದ್ದು.

ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅದೇ ಅಂಗಡಿಗೆ ಹೋದರೆ, ಮುದುಕರು ಎದೆಯ ಮೇಲೆ ಸಾಸಿವೆಯ ಚೀಲ ಇಟ್ಟುಕೊಂಡು ಗಾದಿಯ ಮೇಲೆ ಮಲಗಿದ್ದರು. ನನ್ನನ್ನು ಕಂಡು ಎದ್ದು ಕೂತರು.

"ನಿಮಗ ಹೊಲದು ಕೊಡವ್ರು ಅದಾರ್ರಿ," ಅಂದರು. "ನಮಗ ಚೀಲಾನ ಗತಿ."