ಮಾಮಾನ ತಾಟಿನ ಮ್ಯಾಲೆ ನನ್ನ ಕಣ್ಣು

ಒಬ್ಬ ಮನಶ್ಯಾನ ಕುಡಿತ ಬಿಡಸಾಕ ನಮ್ಮ ಮನ್ಯಾಗ ಎಷ್ಟ ತುಪ್ಪ ಖರ್ಚಾತಂದ್ರ, ಆ ತುಪ್ಪಲೆ ಪುಣೇದ ಸದಾಶಿವ ಪೇಠದಾಗಿನ ಅಷ್ಟೂ ಸ್ಕೂಟರ್ ಓಡಸಬಹುದಿತ್ತು. ನಾ ಸುಳ್ಳ ಹೇಳೂದಿಲ್ಲ. ಇದ್ದದ್ದನ್ನ ಸ್ವಲ್ಪ ಜಗ್ಗಿ ಹೇಳ್ತೀನಿ, ಅಷ್ಟ.

ಮದಲ ನನ್ನ ರಾಜ್ಯ ಹೇಳ್ತೀನಿ. ಹಳೇ ವಾಡೇದ ಹಿಂದಿನ ಮಗ್ಗಲಕ ಒಂದೂವರಿ ಖೋಲಿ. ಅರ್ಧ ಖೋಲಿ ಅಂದ್ರ ಅಡಗಿಮನಿ, ಅದರಾಗ ಅವ್ವ ಹೊಕ್ಕಳಂದ್ರ ಒಳಗಿನ ಗಾಳಿ ಹೊರಗ ಬರಬೇಕು. ಅಪ್ಪ ಶಿವಾಜಿನಗರದ ಒಂದ ಆಫೀಸಿನ್ಯಾಗ ಕ್ಲಾರ್ಕ್. ನಾ ಒಬ್ಬಾಕಿನ ಮಗಳು. ಹಾಲಿನ ಕೆನಿ ನಂದು, ಮದಲನೇ ಬಿಸಿ ರೊಟ್ಟಿ ನಂದು, ಶೇಂಗಾ ಉಂಡಿ ಡಬ್ಬಿ ಮುಚ್ಚಳ ತಗಿಯೂ ಹಕ್ಕೂ ನಂದ. ಕ್ಲಾಸಿಗೆ ಫಸ್ಟ್ ಬರತಿದ್ದೆ. ನನ್ನ ಮರಾಠಿ ಕೇಳಿ ಮಗ್ಗಲಮನಿ ಕಾಕು, "ಈ ಹುಡಗಿ ಕಾನಡಿ ಅಂತ ಯಾರ ಹೇಳಬೇಕು" ಅಂತಿದ್ಳು. ನಾನೂ ಯಾರಿಗೂ ಹೇಳತಿದ್ದಿಲ್ಲ.

ನಾ ಒಂಬತ್ತನೇತ್ತೆ ಇದ್ದಾಗ ಮಾಮಾ ಬಂದ. ಅವ್ವನ ಸಣ್ಣ ತಮ್ಮ. ವಿಜಾಪುರದ ಕಡೆ ಹಳ್ಳ್ಯಾಗ ಗ್ವಾಡಿಗೆ ಬಣ್ಣ ಹಚ್ಚತಿದ್ದ, ಬಣ್ಣಕ್ಕಿಂತಾ ಹೆಚ್ಚ ಸೆರೆ ಹಚ್ಚತಿದ್ದ. ಅವನ ದೋಸ್ತರೆಲ್ಲಾ ಸೆರೆ ಅಂಗಡ್ಯಾಗ ಇರೂ ಮಂದಿ. ಅಲ್ಲೇ ಬಿಟ್ರ ತಮ್ಮ ಕೈಗೆ ಹತ್ತೂದಿಲ್ಲ ಅಂತ ಅವ್ವ ಕರಸಿಕೊಂಡ್ಳು. ಬಾಗಲಾಗ ಬಂದ ನಿಂತಾಗ ಅವನ ಹಿಂದಿನ ನಳಾ, ಬಕೀಟು, ಬಕೀಟಿನ ಹಿಡಿಕಿ ಎಲ್ಲಾ ಕಾಣಸತಿತ್ತು. ಅಷ್ಟ ತೆಳ್ಳಗ.

ಅವ್ವ ಅವನ್ನ ದವಾಖಾನಿಗೆ ಕರಕೊಂಡ ಹೋದ್ಳು. ಅವ್ವಗ ಮರಾಠಿ ಕಾಯಿಪಲ್ಯಾದ ಮಟ್ಟಿಗೆ ಅಷ್ಟ ಬರ್ತದ, ಹಂಗಾಗಿ ಡಾಕ್ಟರ್ ಬಾಯಾರು ಹೇಳಿದ್ದ ತಿಳಿಸಿ ಹೇಳಾಕ ನಾ ಹೋಗಿದ್ದೆ. ಆಕಿ ಹೇಳಿದ್ದು ಇಷ್ಟು: ಕುಡಿಯೂ ಮಂದಿ ಸರಿಯಾಗಿ ಉಣ್ಣೂದಿಲ್ಲ. ಕೆಲವರಿಗೆ ಹಸಿವಾದಾಗ ಅದು ಹಸಿವು ಅಂತ ಗೊತ್ತಾಗೂದಿಲ್ಲ, ಕುಡೀಬೇಕು ಅಂತನ ಅನಸ್ತದ. ಅದಕ್ಕ ಹೊಟ್ಟಿ ಖಾಲಿ ಬಿಡಬ್ಯಾಡ್ರಿ. ತತ್ತಿ, ಬ್ಯಾಳಿ, ಶೇಂಗಾ, ಬಾಳಿಹಣ್ಣು, ಸ್ವಲ್ಪ ಸ್ವಲ್ಪ ಕೊಡಕೋತ ಇರ್ರಿ. ಇದ ಒಂದರಲೆ ಎಲ್ಲಾ ಆಗ್ತದ ಅಂತ ಅಲ್ಲ, ಗುಳಿಗಿ ಬಿಡಬಾರದು, ಇಲ್ಲಿಗೆ ಬರೂದೂ ಬಿಡಬಾರದು.

ನಾ ಅಕ್ಷರ ಬಿಡದಂಗ ಕನ್ನಡದಾಗ ಹೇಳಿದೆ. ನನ್ನ ಬಾಯಿಲೆನ ನನ್ನ ತುತ್ತು ಕಳಕೊಂಡೆ. ಬಾಳಿಹಣ್ಣ ಅನ್ನೂದೊಂದ ನುಂಗಿಬಿಟ್ಟಿದ್ರ ಅದಾದ್ರೂ ಉಳೀತಿತ್ತು.

ಮರುದಿನದಿಂದ ಕೆನಿ ಮಾಮಾಂದು. ಮದಲನೇ ರೊಟ್ಟಿ ಮಾಮಾಂದು. ಬ್ಯಾಳಿ ಮ್ಯಾಲೆ ಅವಗ ಎಷ್ಟ ತುಪ್ಪ ಹಾಕತಿದ್ಳಂದ್ರ, ಬ್ಯಾಳಿ ಕೆಳಗ ಎಲ್ಲೋ ಅದ ಅಂತ ನಂಬಿ ಉಣ್ಣಬೇಕು. ಇನ್ನ ತತ್ತಿ. ವಾಡೇದ ಮಾಲಕರಿಗೆ ತತ್ತಿ ಅಂದ್ರ ಆಗೂದಿಲ್ಲ. ನಮ್ಮವ್ವ ಅದನ್ನ ಅನ್ನದ ಗಡಿಗ್ಯಾಗ ಮುಚ್ಚಿ ಕುದಿಸಿ, ವಾಸನಿ ಬರಬಾರದಂತ ಊದಿನಕಡ್ಡಿ ಹಚ್ಚತಿದ್ಳು. ಮಾಲಕರ ಹೆಂಡತಿ ನಮ್ಮ ಭಕ್ತಿ ನೋಡಿ ಭಾಳ ಹೊಗಳತಿದ್ಳು. ತತ್ತಿ ಸಿಪ್ಪಿ ಕಾಗದಾಗ ಸುತ್ತಿ ಅಪ್ಪನ ಚೀಲಕ್ಕ ಹಾಕೂದು, ಅಪ್ಪ ಶಿವಾಜಿನಗರದಾಗ ಇಳದು ಒಗದು ಬರೂದು. ಒಂದಿನ ಮರತು, ಸರಕಾರಿ ಮುಖ ಮಾಡಿಕೊಂಡು ಸಾಹೇಬರ ಮುಂದ ಫೈಲ್ ಬದಲಿ ಅದನ್ನ ತಗದನಂತ.

"ಯವ್ವಾ, ನನಗೂ ಒಂದ ತತ್ತಿ," ಅಂದೆ ಒಮ್ಮೆ.

"ಅವಗ ಔಷಧ ಅದ. ನಿನಗೇನ ಆಗೇದ?"

"ನನಗೂ ಕುಡೀಬೇಕು ಅಂತ ಅನಸಾಕತ್ತೇದ."

ಅವ್ವ ಲಟ್ಟಣಗಿ ಕೆಳಗ ಇಟ್ಟು ನನ್ನ ಕಡೆ ನೋಡಿದ್ಳು. ನಾ ಕಣ್ಣ ಅರ್ಧ ಮುಚ್ಚಿ ಸ್ವಲ್ಪ ತೂರಾಡಿನೂ ತೋರಿಸಿದೆ. ಹೊರಗ ಕುಂತಿದ್ದ ಮಾಮಾ, "ಅಕ್ಕಾ, ಎಡಕ್ಕ ವಾಲಾಕತ್ತಾಳ. ಕುಡದವರು ಹಂಗ ವಾಲೂದಿಲ್ಲ, ಕಲಸಬೇಕೇನ ಕೇಳು," ಅಂದ. ನನಗ ತತ್ತಿ ಸಿಗಲಿಲ್ಲ. ಎರಡ ಕೊಡ ನೀರ ತುಂಬೂ ಕೆಲಸ ಸಿಕ್ತು.

ಆದ್ರೂ ಅವ ಆರ ದಿನ ಬಣ್ಣದ ಕೆಲಸಕ್ಕ ಹೋಗಿ ಸೀದಾ ಮನಿಗೆ ಬರತಿದ್ದ. ತಪ್ಪತಿದ್ದದ್ದು ಐತವಾರ. ಐತವಾರ ಸಂಜಿ ಚಪ್ಪಲಿ ಮೆಟ್ಟಿಕೊಂಡು "ಸ್ವಲ್ಪ ತಿರಗ್ಯಾಡಿ ಬರ್ತೀನಿ" ಅಂತಿದ್ದ. ಬರೂವಾಗ ಅವ ತಿರಗತಿದ್ನೋ, ಅವನ ಸುತ್ತ ವಾಡೇನ ತಿರಗತಿತ್ತೋ, ಹೇಳೂದು ಕಷ್ಟ. ಸುಟಿ ದಿನ, ಇಲ್ಲಿನ ಕೆಲಸದ ದೋಸ್ತರು ಗಂಟ ಬೀಳ್ತಾರ ಅಂತ ಅವ್ವ ಅಳತಿದ್ಳು.

ಮೂರನೇ ಸಲ ಹಿಂಗಾದಾಗ ಅಪ್ಪ ಬರೇ ಬನಿಯನ್ನಿನ್ಯಾಗ ನಿಂತು ಹೇಳಿದ. ಅಪ್ಪ ಜಗಳ ಆಡೂ ಮನಶ್ಯಾ ಅಲ್ಲ, ಫೈಲಿನ್ಯಾಗ ಬರದಂಗ ಮಾತಾಡ್ತಾನ. "ನೋಡಪಾ, ಮಾಲಕರು ಖೋಲಿ ಖಾಲಿ ಮಾಡ್ರಿ ಅನ್ನಾಕತ್ಯಾರ. ಮುಂದಿನ ಐತವಾರ ಹಿಂಗ ಬಂದ್ರ, ಸೋಮವಾರ ಮುಂಜಾನೆ ವಿಜಾಪುರ ಬಸ್ಸಿಗೆ ಕುಂಡ್ರಸತೀನಿ. ಇದು ಕಡೀ ಮಾತು."

ಮಾಮಾ ತಲಿ ಎತ್ತಲಿಲ್ಲ. ಅವ್ವ ಖೋಲಿ ನಡುವ ಕುಂತು, "ಅಲ್ಲಿ ಹೋದ್ರ ಇವ ಒಂದ ವರ್ಷ ಬಾಳೂದಿಲ್ರಿ," ಅಂದ್ಳು, ಅಪ್ಪಗ ಕೇಳಿಸೂವಷ್ಟ ಅಷ್ಟ. ನಾ ಗ್ವಾಡಿ ಕಡೆ ಮುಖ ಮಾಡಿ ಕೆನಿ ನೆನಿಸಿಕೊಂಡೆ. ಒಂದ ವಾರದಾಗ ಕೆನಿ ವಾಪಸ್ ಬರ್ತದ. ಖುಷಿ ಆಗಬೇಕಿತ್ತು. ಅರ್ಧಾನೂ ಆಗಲಿಲ್ಲ.

ಇಲ್ಲಿ ಒಂದ ಮಾತು ಹೇಳಬೇಕು. ನಮ್ಮ ಮನಿದೇವ್ರು ಮೈಲಾರಲಿಂಗ. ಇಲ್ಲಿ ಅವಗ ಜೇಜುರಿ ಖಂಡೋಬಾ ಅಂತಾರ, ಐತವಾರ ಅವನ ವಾರ. ಅವ್ವ ಡಾಕ್ಟರ್ ಒಬ್ಬಾಕಿನ ನಂಬಿ ಕುಂಡ್ರೂ ಪೈಕಿ ಅಲ್ಲ. ತಮ್ಮ ಬಂದ ವಾರನ ಅವನ ಕಡೆಯಿಂದ ಹರಕಿ ಕಟ್ಟಿಸಿದ್ಳು: ಪ್ರತಿ ಐತವಾರ ದೀಪ ಹಚ್ಚೂ ತನಕ ಉಪಾಸ, ಕುಡಿತ ಬಿಟ್ಟಮ್ಯಾಲೆ ಜೇಜುರಿಗೆ ಹೋಗಿ ಅರಿಶಿಣದ ಭಂಡಾರ ಹಾರಸೂದು. ಆರ ದಿನ ಡಾಕ್ಟರ್ದು, ಒಂದ ದಿನ ದೇವ್ರದು. ಇಬ್ಬರಿಗೂ ಸಿಟ್ಟ ಬರಬಾರದು.

ಉಪಾಸ ಅಂದ್ರ ಪುಣೇದ ಉಪಾಸ ಅಲ್ಲ. ಪುಣೇ ಮಂದಿ ಉಪಾಸದ ದಿನ ಸಾಬೂದಾಣಿ ಖಿಚಡಿ, ಬಟಾಟಿ, ಶೇಂಗಾ, ಖಜೂರಿ, ಮ್ಯಾಲೆ ಮಸರು ತಿಂದು, "ಇವತ್ತ ಏನೂ ತಿಂದಿಲ್ಲ" ಅಂತ ತೇಗ್ತಾರ. ನಮ್ಮವ್ವಂದು ಊರಿನ ಉಪಾಸ: ಒಂದ ಕಪ್ಪ ಚಾ, ಆಮೇಲೆ ದೇವರ ಫೋಟೋ ನೋಡಕೋತ ಕುಂಡ್ರೂದು.

ಆ ಕಡೀ ಐತವಾರ ಬಂತು. ಮಾಮಾ ಮುಂಜಾನಿಂದ ಚಾಪಿ ಮ್ಯಾಲೆ ಗ್ವಾಡಿಗೆ ಆನಿಕೊಂಡು ಕುಂತಿದ್ದ. ಮಧ್ಯಾಹ್ನಕ್ಕ ಅವ ಮತ್ತ ಮತ್ತ ಚಪ್ಪಲಿ ಕಡೆ ನೋಡಾಕತ್ತಿದ್ದ. ಅಷ್ಟರಾಗ ಮಗ್ಗಲಮನಿ ಕಾಕು ನನಗಂತ ಒಂದ ತಾಟ ಸಾಬೂದಾಣಿ ಖಿಚಡಿ ಕೊಟ್ಳು. ಮುತ್ತಿನಂಗ ಬಿಡಿಬಿಡಿ ಕಾಳು, ತುಪ್ಪ, ಕುಟ್ಟಿದ ಶೇಂಗಾ, ಹಸಿಮೆಣಸಿನಕಾಯಿ. ಅದನ್ನ ಅಲ್ಲೇ ತಿನ್ನಬಹುದಿತ್ತು. ನಾ ಮನಿಗೆ ತಂದು, ಮಾಮಾನ ಎದರಿಗೆ, ಮಣಕಾಲಿಗೆ ಮಣಕಾಲ ಹತ್ತೂವಂಗ ಕುಂತೆ. ಎಷ್ಟ ದಿನ ಅವನ ತಾಟ ನಾ ನೋಡಿಲ್ಲ? ಇವತ್ತ ನಂದ ಅವ ನೋಡಲಿ.

ಒಂದೊಂದ ಕಾಳ ಎತ್ತಿ ಬೆಳಕಿಗೆ ಹಿಡದು ತಿನ್ನಾಕ ಸುರು ಮಾಡಿದೆ. "ಅಬಬಬ, ಏನ ತುಪ್ಪಪಾ ಇದು," ಅಂದೆ. ಶೇಂಗಾ ಎಷ್ಟ ಜೋರಲೆ ಕಡದೆ ಅಂದ್ರ ಮಾಳಿಗಿ ಮ್ಯಾಲಿನ ಪಾರಿವಾಳ ಹಾರಿಹೋದ್ವು.

"ಒಳಗ ಹೋಗಿ ತಿನ್ನ ಹೋಗು," ಅಂದ ಮಾಮಾ.

"ಒಳಗ ಸೆಕಿ ಅದ."

"ನೀ ನಿಮ್ಮಪ್ಪನಂಗ ಸಾಧು ಆಗ್ತಿ ಅಂತ ತಿಳಿದಿದ್ದೆ. ನಮ್ಮಕ್ಕನಕಿಂತಾ ಖೊಟ್ಟಿ ಇದ್ದಿ."

"ನಿನಗ ಬೇಕಾ? ಪಾಪ, ಉಪಾಸ ಅಲಾ," ಅಂತ ಚಮಚ ಅವನ ಮೂಗಿನ ತನಕ ಒಯ್ದು ವಾಪಸ್ ತಂದೆ. ಎರಡನೇ ಸಲ ಒಯ್ದಾಗ ಚಮಚ ವಾಪಸ್ ಬರಲಿಲ್ಲ. ತಾಟೂ ಬರಲಿಲ್ಲ. ಅವ ತಿಂದದ್ದು ನೋಡಬೇಕಿತ್ತು. ತಾಟಿನ ಮ್ಯಾಲಿನ ಹೂವಿನ ಚಿತ್ರ ಸಹಿತ ಮಾಸಿತು.

ನಾ ಬಾಯಿ ತಗದು ಅಳಾಕ ಹತ್ತಿದೆ, ಖರೇನ ಅತ್ತೆ. ಅವ್ವ ಓಡಿ ಬಂದ್ಳು. "ಯಪ್ಪಾ, ಹರಕಿ ಮುರದಿ. ದೇವ್ರ ಏನಂತಾನೋ," ಅಂತ ಹಣಿ ಹಣಿ ಬಡಕೊಂಡ್ಳು. ಗದ್ಲಾ ಕೇಳಿ ಕಾಕು ಬಂದು, ಏನಾತು ಅಂತ ತಿಳಕೊಂಡು, ಸೊಂಟದ ಮ್ಯಾಲೆ ಕೈ ಇಟ್ಟು ಹೇಳಿದ್ಳು: "ಉಪವಾಸಾಲಾ ಚಾಲತೆ." ಉಪಾಸಕ್ಕ ನಡೀತದ ಅಂತ. ಆಕಿ ಹುಟ್ಟಿದಾಗಿಂದ ಹಂಗ ಉಪಾಸ ಮಾಡ್ಯಾಳಂತ, ಖಂಡೋಬಾ ಒಂದ ದಿನಾನೂ ಬ್ಯಾಡ ಅಂದಿಲ್ಲಂತ. ಖಂಡೋಬಾ ಆಕಿ ಊರಾವ, ಅವಗ ಏನ ನಡೀತದ ಏನಿಲ್ಲ ಅಂತ ಅವ್ವ ಹೆಂಗ ವಾದ ಮಾಡಬೇಕು. ಖಾಲಿ ತಾಟ ಎತ್ತಿಕೊಂಡ ಒಳಗ ಹೋದ್ಳು.

ಸಂಜಿ ಆತು. ಚಪ್ಪಲಿ ಮೆಟ್ಟೂ ಹೊತ್ತು. ಅಪ್ಪ ಪೇಪರ್ ತಲಿಕೆಳಗ ಹಿಡಕೊಂಡು ಓದಾಕತ್ತಿದ್ದ. ಅವ್ವ ಹೊಸ್ತಲದ ಮ್ಯಾಲೆ ಅಕ್ಕಿ ಆರಿಸಿಕೋತ ಕುಂತಿದ್ಳು, ಆರಿಸಿದ್ದನ್ನ ಮತ್ತ ಆರಸತಿದ್ಳು. ಮಾಮಾ ಎದ್ದ. ಬಾಗಲ ತನಕ ಬಂದ. ಚಪ್ಪಲಿ ನೋಡಿದ. ಅವ್ವನ ಬೆರಳು ಅಕ್ಕಿ ಮ್ಯಾಲೆ ನಿಂತವು. ಅವ ನಳದಾಗ ಮುಖ ತೊಳಕೊಂಡು ವಾಪಸ್ ಬಂದು, "ಅಕ್ಕಾ, ಆ ಕಾಕು ಮನ್ಯಾಗ ಇನ್ನೊಂದ ಸ್ವಲ್ಪ ಉಳಿದಿರಬೇಕೇನ," ಅಂದ.

ಆವಾಗ ನನ್ನ ತಲ್ಯಾಗ ದೀಪ ಹತ್ತಿತು. ಅವನ ತಾಟಿನ ಲೆಕ್ಕ ನನ್ನಷ್ಟ ಯಾರಿಗೆ ಗೊತ್ತು? ಅವ್ವ ಅಕ್ಕಿ ಎತ್ತಿಕೊಂಡ ಒಳಗ ಹೋದಾಗ ನಾನೂ ಅಡಗಿಮನಿಗೆ ಹೋಗಿ ಹೇಳಿದೆ: "ಯವ್ವಾ, ಉಂಡ ದಿನ ಅವ ಒಮ್ಮೆನೂ ಹೋಗಿಲ್ಲ. ನೀ ಉಪಾಸ ಹಾಕಿದ ದಿನಾ ಅಷ್ಟ ಹೋಗ್ಯಾನ. ಡಾಕ್ಟರ್ ಬಾಯಾರು ಹೇಳಿದ್ದ ಇದನ್ನ."

ಅವ್ವ ಒಲಿ ಉರಿ ಸಣ್ಣ ಮಾಡಿದ್ಳು. "ಹಂಗಾರ ನಾನ ಕಳಸತಿದ್ನೇನ ಅವನ್ನ," ಅಂದ್ಳು. ಈ ಸಲ ನಾ ಏನೂ ಜಗ್ಗಿ ಹೇಳಿದ್ದಿಲ್ಲ. ಅವ್ವ ಸೆರಗಿಲೆ ಕಣ್ಣ ಒರಸಿಕೊಂಡು, ಸಾಬೂದಾಣಿ ಎಷ್ಟ ತಾಸ ನೆನಿ ಇಡತಾರ ಕಾಕುಗ ಕೇಳಿ ಬಾ ಅಂತ ನನ್ನ ಓಡಿಸಿದ್ಳು.

ಸೋಮವಾರ ಅಪ್ಪ ಆಫೀಸಿಗೆ ಹೋದ, ವಿಜಾಪುರ ಬಸ್ಸು ಮಾಮಾನ್ನ ಬಿಟ್ಟ ಹೋತು. ಆಮೇಲೆ ಒಮ್ಮೆ ದೀಪಾವಳಿ ಸುಟ್ಯಾಗ ಅವ ಜಾರಿದ, ಕುಡದು ಬಂದ. ಮರುದಿನ ತಾನ ದವಾಖಾನಿಗೆ ಹೋಗಿ ಬಂದ. ಅಪ್ಪ ಬಸ್ಸಿನ ಟಿಕೀಟ ತರಲಿಲ್ಲ.

ಈ ವರ್ಷ ಜೇಜುರಿಗೆ ಹೋದ್ವಿ. ಖಿಚಡಿ ಬುದ್ಧಿ ಕೊಟ್ಟಾವ ಖಂಡೋಬಾ ಅಂತ ಅವ್ವ ಬಸ್ಸಿನ್ಯಾಗ ಎಲ್ಲಾರಿಗೂ ಹೇಳಿದ್ಳು. ಆ ತಾಟ ಯಾರ ತಂದ್ರು ಅಂತ ಒಬ್ಬರೂ ಕೇಳಲಿಲ್ಲ. ಭಂಡಾರ ಹಾರಸೂವಾಗ ಮಾಮಾಗ ಬೊಗಸಿ ತುಂಬ, ನನಗ ಒಂದ ಚಿಟಿಕಿ. ಅವ ಅರಿಶಿಣದಾಗ ಅದ್ದಿ ತಗದ ದೇವ್ರಂಗ ಕಾಣತಿದ್ದ, ನಾ ಕಾಮಾಲಿ ಆದಾಕಿಯಂಗ.

ಮೆಟ್ಟಲ ಇಳಿಯೂವಾಗ ಅವ ನನ್ನ ಮಗ್ಗಲಕ ಬಂದು ಸಣ್ಣ ದನಿಲೆ ಕೇಳಿದ, "ಅವತ್ತ ನೀ ಬೇಕಂತನ ನನ್ನ ಮುಂದ ಕುಂತಿದ್ದಿ, ಹೌದಿಲ್ಲೋ?"

"ಹೌದು."

"ಮುಂದಿನ ಐತವಾರನೂ ಕುಂಡ್ರು. ಒಬ್ಬನ ತಿನ್ನಾಕ ನನಗ ಧೈರ್ಯ ಸಾಲೂದಿಲ್ಲ."

ಅರ್ಧ ತಾಟ ನಂದು ಅಂತ ಕರಾರ ಮಾಡಿಕೊಂಡೆ. ಆವಾಗಿಂದ ಐತವಾರ ಒಂದ ತಾಟಿನ ಮುಂದ ಇಬ್ಬರೂ ಕುಂಡ್ರತೀವಿ. ನಡುವ ಚಮಚದಲೆ ಗೆರಿ ಎಳೀತೀನಿ. ಆದ್ರೂ ಬಡಸೂವಾಗ ಅವ್ವನ ಕೈ ಅವನ ಕಡೆ ವಾಲ್ತದ, ಶೇಂಗಾ ಆ ಕಡೆನ ಹೆಚ್ಚ ಬೀಳ್ತಾವ. ನಾ ನೋಡೀನಿ.